ಮಗ್ಗಿ ಕೇಳುವ ಯಂತ್ರ: ಒಬ್ಬರೇ ನಿಂತು ಟೆನಿಸ್ ಸ್ಲೈಸ್ ಕಲಿಯುವ ಬಗೆ

ಫೆಬ್ರುವರಿ, ಮಾರ್ಚ್ ಎರಡು ತಿಂಗಳು ನಾನು ಬೆಳಿಗ್ಗೆ ಆರಕ್ಕೆ ಬೆಳಗಾವಿಯ ಟಿಳಕವಾಡಿಯಿಂದ ಸ್ಕೂಟರ್ ಹತ್ತಿ ಕ್ಯಾಂಪ್ ಕಡೆಯ ಕೋರ್ಟಿಗೆ ಹೋಗಿ, ಚೆಂಡು ಎಸೆಯುವ ಯಂತ್ರದ ಎದುರು ನಿಂತು ಒಂದೇ ಒಂದು ಹೊಡೆತವನ್ನು ಅಭ್ಯಾಸ ಮಾಡಿದೆ: ರ‍್ಯಾಕೆಟ್ ಹಿಡಿದ ಕೈಯ ಎದುರು ಬದಿಗೆ ಬಂದ ಚೆಂಡನ್ನು ಸವರಿ ಹೊಡೆಯುವ ಬ್ಯಾಕ್‌ಹ್ಯಾಂಡ್ ಸ್ಲೈಸ್. ಯುಗಾದಿಯ ಹೊತ್ತಿಗೆ ಇಪ್ಪತ್ತರಲ್ಲಿ ಹದಿನೇಳು ಚೆಂಡುಗಳು ನಾನು ಆಚೆ ಬದಿಯಲ್ಲಿ ಹಾಸಿದ್ದ ಗೋಣಿಚೀಲದ ಆಸುಪಾಸಿನಲ್ಲೇ ಬೀಳುತ್ತಿದ್ದವು. ಕೈ ಪಳಗಿತು ಎಂದುಕೊಂಡೆ. ಆ ಭಾನುವಾರ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಜೊತೆ ಆಡಿದೆ. ಎಪ್ಪತ್ತರ ಹತ್ತಿರದ ವಯಸ್ಸು, ಎಡ ಮೊಣಕಾಲಿಗೆ ಪಟ್ಟಿ. ಅವರ ಚೆಂಡು ಒಮ್ಮೆ ಮೆತ್ತಗೆ ಬಂತು, ಒಮ್ಮೆ ಎದೆಯ ಎತ್ತರಕ್ಕೆ ಪುಟಿಯಿತು, ಒಮ್ಮೆ ನನ್ನ ಪಾದದ ಬಳಿಯೇ ಸತ್ತು ಬಿತ್ತು. ನನ್ನ ಸ್ಲೈಸ್ ನೆಟ್ಟಿಗೆ ಬಡಿಯಿತು, ಇಲ್ಲವೇ ಗಾಳಿಪಟದಂತೆ ತೇಲಿ ಕೋರ್ಟಿನ ಹಿಂಬದಿಯ ಗೆರೆಯಾದ ಬೇಸ್‌ಲೈನ್ ದಾಟಿತು. 6-2ರಲ್ಲಿ ಸೋತೆ. ನೀರು ಕುಡಿಯುತ್ತ ಅವರು, “ತಪ್ಪು ನನ್ನದೇ ತಮ್ಮಾ, ನಿನ್ನ ಮಷೀನಿನ ಹಾಗೆ ಹೊಡೆಯುವುದು ನನಗೆ ಬರುವುದಿಲ್ಲ” ಎಂದರು.

ಶಾಲೆಯಲ್ಲಿ ಏಳರ ಮಗ್ಗಿಯನ್ನು ಏಳೊಂದಲಿಯಿಂದ ಎಪ್ಪತ್ತರವರೆಗೆ ಉಸಿರು ಬಿಡದೆ ಒಪ್ಪಿಸುವ ಹುಡುಗನನ್ನು ಮೇಷ್ಟ್ರು ನಡುವೆ ನಿಲ್ಲಿಸಿ “ಏಳೆಂಟಲಿ ಎಷ್ಟು?” ಎಂದರೆ, ಅವನು ಮತ್ತೆ ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬರಬೇಕಾಗುತ್ತದೆ. ನನಗೂ ಆದದ್ದು ಅದೇ. ಯಂತ್ರ ಎರಡು ತಿಂಗಳು ಏಳೊಂದಲಿ ಏಳನ್ನೇ ಕೇಳಿತ್ತು, ನಾನು ಅದನ್ನೇ ಒಪ್ಪಿಸಿದ್ದೆ. ತಪ್ಪು ಯಂತ್ರದ್ದಲ್ಲ. ಅದನ್ನು ಹೇಗೆ ಕೇಳಿಸಬೇಕೆಂಬುದು ನನಗೆ ಗೊತ್ತಿರಲಿಲ್ಲ.

ಮೊದಲು ಯಂತ್ರದ ಹೊಟ್ಟೆಯೊಳಗೆ ಏನಿದೆ ನೋಡೋಣ. ಬೆಳಗಾವಿಯಲ್ಲಿ ಬೇಸಿಗೆ ಬಂದರೆ ರಸ್ತೆ ಬದಿಗೆ ಕಬ್ಬಿನ ಹಾಲಿನ ಗಾಣಗಳು ಬರುತ್ತವೆ. ಎರಡು ಉರುಳೆಗಳು ಎದುರು ಬದುರಾಗಿ ತಿರುಗುತ್ತ ಕಬ್ಬನ್ನು ಒಳಗೆ ಎಳೆದುಕೊಳ್ಳುತ್ತವೆ. ಚೆಂಡಿನ ಯಂತ್ರವೂ ಅಂಥದೇ ಗಾಣ, ಹಿಂಡುವುದಿಲ್ಲ ಅಷ್ಟೇ. ಟೆನಿಸ್ ಚೆಂಡಿನ ವ್ಯಾಸ 6.54ರಿಂದ 6.86 ಸೆಂಟಿಮೀಟರ್. ಅದಕ್ಕಿಂತ ತುಸು ಕಿರಿದಾದ ಸಂದಿಯಲ್ಲಿ ಎರಡು ಚಕ್ರಗಳು ಎದುರು ದಿಕ್ಕಿನಲ್ಲಿ ತಿರುಗುತ್ತಿರುತ್ತವೆ. ಮೇಲಿನ ಬುಟ್ಟಿಯಿಂದ ಒಂದೊಂದೇ ಚೆಂಡು ಉರುಳಿ ಆ ಸಂದಿಗೆ ಬಿದ್ದ ಕೂಡಲೇ ಚಕ್ರಗಳು ಅದನ್ನು ಕಚ್ಚಿ ಆಚೆ ಎಸೆಯುತ್ತವೆ. ಗಾಳಿಯ ಒತ್ತಡದಿಂದ ಎಸೆಯುವ ಯಂತ್ರಗಳೂ ಇವೆ. ನಾನು ಬಳಸಿದ್ದು ಚಕ್ರದ್ದು.

ಎರಡೂ ಚಕ್ರಗಳ ಅಂಚು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದ್ದರೆ ಚೆಂಡು ಹೆಚ್ಚುಕಡಿಮೆ ಅದೇ ವೇಗದಲ್ಲಿ, ತಿರುಗದೆ ಹೊರಬೀಳುತ್ತದೆ. ಈಗ ಮೇಲಿನದನ್ನು 86ಕ್ಕೆ ಏರಿಸಿ, ಕೆಳಗಿನದನ್ನು 58ಕ್ಕೆ ಇಳಿಸಿ. ಸರಾಸರಿ ಅದೇ 72, ಹಾಗಾಗಿ ಚೆಂಡಿನ ವೇಗ ಬದಲಾಗುವುದಿಲ್ಲ. ಆದರೆ ಚೆಂಡಿನ ನೆತ್ತಿಯನ್ನು ಮೇಲಿನ ಚಕ್ರ ಮುಂದಕ್ಕೆ ತಳ್ಳಿ, ಹೊಟ್ಟೆಯನ್ನು ಕೆಳಗಿನ ಚಕ್ರ ಹಿಡಿದಿಟ್ಟಂತಾಗುತ್ತದೆ. ಜಾರಾಟವೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿದರೆ ಚೆಂಡು ನಿಮಿಷಕ್ಕೆ ಸುಮಾರು 1,150 ಸುತ್ತು ತಿರುಗುತ್ತ ಬರುತ್ತದೆ. ಇದೇ ಟಾಪ್‌ಸ್ಪಿನ್. ವೇಗಗಳನ್ನು ಅದಲು ಬದಲು ಮಾಡಿದರೆ ಹಿಮ್ಮುಖ ಸುತ್ತು, ಅಂದರೆ ಬ್ಯಾಕ್‌ಸ್ಪಿನ್. ಯಂತ್ರದ ಮೇಲಿನ ‘ಸ್ಪಿನ್’ ಗುಂಡಿಯ ಹಿಂದೆ ಇರುವುದು ಇಷ್ಟೇ.

ಎಲ್ಲವೂ ಚಕ್ರದ ರಬ್ಬರು ಮತ್ತು ಚೆಂಡಿನ ಉಣ್ಣೆಯ ನಡುವಿನ ಹಿಡಿತದ ಮೇಲೆ ನಿಂತಿದೆ. ಸವೆದ ಚೆಂಡು ಜಾರುತ್ತದೆ. ಗಾಳಿ ಹೋಗಿ ಮೆತ್ತಗಾದ ಚೆಂಡನ್ನು ಚಕ್ರಗಳು ಬೇರೆ ರೀತಿ ಕಚ್ಚುತ್ತವೆ. ಹೀಗಾಗಿ ಯಂತ್ರ ಒಂದೇ, ಗುಂಡಿಯ ಗುರುತು ಒಂದೇ, ಆದರೂ ಒಂದು ಚೆಂಡು ನಿಮ್ಮ ಸೊಂಟದೆತ್ತರಕ್ಕೆ ಬಂದರೆ ಮುಂದಿನದು ಎರಡು ಹೆಜ್ಜೆ ಮುಂಚೆಯೇ ಬೀಳುತ್ತದೆ. ನಿಯಮದ ಪ್ರಕಾರ ಹೊಸ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಕಾಂಕ್ರೀಟಿನ ಮೇಲೆ ಬಿಟ್ಟರೆ ಅದು 135ರಿಂದ 147 ಸೆಂ.ಮೀ. ಪುಟಿಯಬೇಕು. ಮನೆಯಲ್ಲಿ ಇಷ್ಟು ಕರಾರುವಾಕ್ಕಾಗಿ ಅಳೆಯುವ ಅಗತ್ಯವಿಲ್ಲ. ಕೈ ಮೇಲೆತ್ತಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಬಿಟ್ಟು ನೋಡಿದರೆ ಸಾಕು, ಬಡವ ಯಾರೆಂದು ತಿಳಿಯುತ್ತದೆ. ನಾನು ಎರಡು ಚೀಲ ಮಾಡಿಕೊಂಡೆ: ಚೆನ್ನಾಗಿ ಪುಟಿಯುವುದು ಒಂದರಲ್ಲಿ, ಸತ್ತದ್ದು ಇನ್ನೊಂದರಲ್ಲಿ. ಸತ್ತ ಚೀಲವನ್ನು ಎಸೆಯಬೇಡಿ, ಮುಂದೆ ಅದರ ಕೆಲಸವಿದೆ.

ಈ ಯಂತ್ರ ಹೊಸದೇನಲ್ಲ. 1925 ಮತ್ತು 1928ರಲ್ಲಿ ವಿಂಬಲ್ಡನ್ ಗೆದ್ದ ಫ್ರಾನ್ಸಿನ ರೆನೆ ಲಕೋಸ್ಟ್ 1920ರ ದಶಕದಲ್ಲೇ ಕೈಯಿಂದ ತಿರುಗಿಸುವ ಚೆಂಡಿನ ಯಂತ್ರವೊಂದನ್ನು ರೂಪಿಸಿದ್ದರು. ಮೊಸಳೆಯ ಗುರುತಿನ ಅಂಗಿಯ ಲಕೋಸ್ಟ್ ಅವರೇ. ನನಗೆ ಇನ್ನೂ ಇಷ್ಟವಾಗುವುದು ಹೋವರ್ಡ್ ಹೆಡ್ ಅವರ ಕಥೆ. ಹಿಮದ ಮೇಲೆ ಜಾರುವ ಹಲಗೆಗಳನ್ನು ತಯಾರಿಸಿ ಹಣ ಮಾಡಿದ ಅಮೆರಿಕದ ಈ ಎಂಜಿನಿಯರ್ ನಿವೃತ್ತಿಯ ನಂತರ ಟೆನಿಸ್ ಕಲಿಯಲು ಹೊರಟು, ‘ಪ್ರಿನ್ಸ್’ ಎಂಬ ಕಂಪನಿಯ ಚೆಂಡಿನ ಯಂತ್ರವನ್ನು ಕೊಂಡರು. ಯಂತ್ರವನ್ನು ತಿದ್ದಿದರು, ಆ ಕಂಪನಿಯನ್ನೇ ಸೇರಿದರು. ಇಷ್ಟಾದರೂ ಚೆಂಡು ಸರಿಯಾಗಿ ತಾಗಲಿಲ್ಲ. ಕೊನೆಗೆ ರ‍್ಯಾಕೆಟ್ಟನ್ನೇ ದೊಡ್ಡದು ಮಾಡಿ 1976ರಲ್ಲಿ ಪೇಟೆಂಟ್ ಪಡೆದರು. ಇಂದು ನಮ್ಮೆಲ್ಲರ ಕೈಯಲ್ಲಿರುವ ಅಗಲ ತಲೆಯ ರ‍್ಯಾಕೆಟ್ಟುಗಳು ಆ ದಾರಿಯಲ್ಲೇ ಬಂದವು. ಅಭ್ಯಾಸ ಕೈಕೊಟ್ಟಾಗ ಉಪಕರಣವನ್ನು ಬದಲಿಸುವ ಚಪಲ ನನ್ನೊಬ್ಬನದಲ್ಲ ಎಂಬ ಸಮಾಧಾನ ನನಗೆ.

ಇನ್ನು ಹೊಡೆತಕ್ಕೆ ಬರೋಣ. ಸ್ಲೈಸ್ ಎಂದರೆ ರ‍್ಯಾಕೆಟ್ ಮೇಲಿನಿಂದ ಕೆಳಗೆ, ಮುಂದಕ್ಕೆ ಸಾಗುತ್ತ ಚೆಂಡಿನ ಬೆನ್ನನ್ನು ಸವರಿ ಅದಕ್ಕೆ ಹಿಮ್ಮುಖ ಸುತ್ತು ಕೊಡುವುದು. ಹಾಗೆ ತಿರುಗುವ ಚೆಂಡಿಗೆ ಗಾಳಿ ಕೆಳಗಿನಿಂದ ಸ್ವಲ್ಪ ಆಸರೆ ಕೊಡುತ್ತದೆ. ಅದು ಬೇಗ ಇಳಿಯದೆ ಚಪ್ಪಟೆಯಾಗಿ ಸಾಗಿ, ನೆಲಕ್ಕೆ ತಾಗಿದ ಮೇಲೆ ಹೆಚ್ಚು ಏಳದೆ ಜಾರುತ್ತದೆ. ಎದುರಾಳಿ ಮಂಡಿ ಬಗ್ಗಿಸಿ ಅದನ್ನು ಎತ್ತಬೇಕು. ಸ್ಟೆಫಿ ಗ್ರಾಫ್ ಬ್ಯಾಕ್‌ಹ್ಯಾಂಡ್ ಬದಿಯಲ್ಲಿ ಬಹುಪಾಲು ಈ ಹೊಡೆತವನ್ನೇ ಆಡುತ್ತ 22 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಇದನ್ನು ಬರೀ ರಕ್ಷಣೆಯ ಹೊಡೆತ ಎನ್ನುವವರನ್ನು ನಾನು ನಂಬುವುದಿಲ್ಲ.

ಸ್ಲೈಸ್ ನೋಡಲು ಸುಲಭವೆನಿಸಲು ಒಂದು ಕಾರಣವಿದೆ. ಅದು ತಿಳಿದ ದಿನ ನಾನು ಒಂದು ಚೆಂಡನ್ನು ಕೈಯಲ್ಲಿ ಹಿಡಿದು ಹತ್ತು ನಿಮಿಷ ತಿರುಗಿಸುತ್ತ ಕುಳಿತಿದ್ದೆ. ನೀವೂ ಹಿಡಿಯಿರಿ. ಟಾಪ್‌ಸ್ಪಿನ್ ಚೆಂಡು ನಿಮ್ಮತ್ತ ಬರುತ್ತಿದೆ ಎಂದುಕೊಳ್ಳಿ: ಅದರ ನೆತ್ತಿ ನಿಮ್ಮ ಕಡೆಗೆ ಉರುಳುತ್ತಿರುತ್ತದೆ. ಅದನ್ನು ನೀವು ಸ್ಲೈಸ್ ಮಾಡಿ ಹಿಂದಕ್ಕೆ ಕಳುಹಿಸಿದಿರಿ. ಹಿಮ್ಮುಖ ಸುತ್ತು ಎಂದರೆ ಚೆಂಡು ಆಚೆ ಹೋಗುತ್ತಿದ್ದರೂ ಅದರ ನೆತ್ತಿ ಈಗಲೂ ನಿಮ್ಮ ಕಡೆಗೇ ಉರುಳುತ್ತಿರಬೇಕು. ಅಂದರೆ ಸುತ್ತಿನ ದಿಕ್ಕು ಬದಲಾಗಿಯೇ ಇಲ್ಲ! ಬಂದ ಸುತ್ತನ್ನೇ ಹೊತ್ತು ಚೆಂಡು ತಿರುಗಿ ಹೋಗುತ್ತದೆ. ಅದೇ ಚೆಂಡನ್ನು ಟಾಪ್‌ಸ್ಪಿನ್‌ನಲ್ಲಿ ಹಿಂತಿರುಗಿಸಬೇಕಾದರೆ ಅದರ ಸುತ್ತನ್ನು ತಡೆದು ನಿಲ್ಲಿಸಿ ಎದುರು ದಿಕ್ಕಿಗೆ ತಿರುಗಿಸಬೇಕು. ಅದಕ್ಕೇ ಅಲ್ಲಿ ಜೋರಾಗಿ ಬೀಸಬೇಕು, ಇಲ್ಲಿ ಅಷ್ಟು ಬೇಕಿಲ್ಲ. ನೆಲಕ್ಕೆ ತಾಗಿ ಏಳುವ ಚೆಂಡಿಗೆ ಸಾಮಾನ್ಯವಾಗಿ ನೆಲವೇ ಒಂದಿಷ್ಟು ಮುಮ್ಮುಖ ಸುತ್ತು ಕೊಟ್ಟಿರುತ್ತದೆ. ಆದ್ದರಿಂದ ಯಂತ್ರ ಸುತ್ತಿಲ್ಲದ ಚೆಂಡು ಎಸೆದರೂ ಈ ಲಾಭ ನಿಮಗೆ ಸಿಗುತ್ತದೆ.

ಬಲ ಬೇಡವೆಂದ ಮಾತ್ರಕ್ಕೆ ಹದ ಬೇಡವೆಂದಲ್ಲ. ಬೇಸ್‌ಲೈನಿನಿಂದ ಬೇಸ್‌ಲೈನಿಗೆ 23.77 ಮೀಟರ್. ಚೆಂಡು ಹೊರಟ ದಿಕ್ಕಿನಲ್ಲಿ ಎಡಬಲಕ್ಕೆ ಒಂದು ಡಿಗ್ರಿ ವ್ಯತ್ಯಾಸವಾದರೆ ಆ ತುದಿಯಲ್ಲಿ ಅದು ಸುಮಾರು 41 ಸೆಂ.ಮೀ. ಆಗುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸಾಗುವ ರ‍್ಯಾಕೆಟ್ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ 15 ಸೆಂ.ಮೀ. ಸರಿದಿರುತ್ತದೆ. ಬೀಸು ಬಾಗಿಲಿನಂತೆ ಕಮಾನಾಗಿ ತಿರುಗುತ್ತಿದ್ದರೆ ಅಷ್ಟರಲ್ಲಿ ಅದರ ಮುಖ ಐದಾರು ಡಿಗ್ರಿ ಹೊರಳಿರುತ್ತದೆ, ಚೆಂಡು ಎರಡು ಮೀಟರಿಗೂ ಹೆಚ್ಚು ಆಚೆ ಬೀಳುತ್ತದೆ. ಅಷ್ಟು ಸೂಕ್ಷ್ಮವಾಗಿ ಸಮಯ ಕಾಯುವುದು ನಮ್ಮಂಥವರ ಕೈಲಾಗದ ಮಾತು. ಉಪಾಯವೆಂದರೆ ರ‍್ಯಾಕೆಟ್ಟಿನ ಮುಖ ಒಂದೇ ದಿಕ್ಕನ್ನು ನೋಡುವ ಹಾದಿಯನ್ನು ಉದ್ದ ಮಾಡುವುದು. ಸುತ್ತಿಗೆ ಹಿಡಿದಂತೆ ಹಿಡಿ, ಮಣಿಕಟ್ಟು ಗಟ್ಟಿ, ಚೆಂಡು ಮುಂದಿನ ಪಾದಕ್ಕಿಂತ ತುಸು ಮುಂದೆ ಇರುವಾಗಲೇ ತಾಗಬೇಕು, ತಾಗಿದ ಮೇಲೂ ಕೈ ಗುರಿಯತ್ತ ಚಾಚಿಕೊಂಡು ಹೋಗಬೇಕು. ಬಲಗೈ ಆಟಗಾರರಾದರೆ ಎಡಗೈಯನ್ನು ಆ ಕ್ಷಣ ಹಿಂದಕ್ಕೆ ಬಿಡಿ. ಹಾಗೆ ಬಿಟ್ಟರೆ ಭುಜ ಬಾಗಿಲಿನಂತೆ ತೆರೆದುಕೊಳ್ಳುವುದಿಲ್ಲ. ಇಷ್ಟರಲ್ಲಿ ನಾನು ಬಹಳ ದಿನ ತಪ್ಪಿದ್ದು ಒಂದರಲ್ಲೇ: ಕೊಡಲಿಯಲ್ಲಿ ಸೌದೆ ಒಡೆದಂತೆ ನೇರ ಕೆಳಕ್ಕೆ ಬಡಿಯುತ್ತಿದ್ದೆ. ಕುಡಗೋಲು ಜೋಳದ ದಂಟನ್ನು ಕೊಯ್ಯುವಾಗ ಎಷ್ಟು ಇಳಿಯುತ್ತದೋ ಅಷ್ಟು ಇಳಿದರೆ ಸಾಕು.

ಒಬ್ಬರೇ ಆಡುವಾಗ ತಪ್ಪು ಹೇಳುವವರಿಲ್ಲ. ಆ ಕೆಲಸಕ್ಕೆ ನಾನು ಒಂದು ಹಗ್ಗ ತಂದೆ. ನೆಟ್ಟಿನ ನಡು ಎತ್ತರ 91.4 ಸೆಂ.ಮೀ. ಎರಡೂ ಕಡೆ ಬಿದಿರು ನಿಲ್ಲಿಸಿ ನೆಲದಿಂದ 150 ಸೆಂ.ಮೀ. ಎತ್ತರದಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಕಟ್ಟಿದೆ. ನೆಟ್ಟಿನ ಮೇಲೆ, ಹಗ್ಗದ ಕೆಳಗೆ ಸುಮಾರು 60 ಸೆಂ.ಮೀ. ಕಿಟಕಿ. ಬೇಸ್‌ಲೈನಿನಿಂದ ನೋಡಿದರೆ ಆ ಕಿಟಕಿ ಮೂರು ಡಿಗ್ರಿಗಿಂತಲೂ ಕಿರಿದು. ಮೊದಲ ದಿನ ಇಪ್ಪತ್ತರಲ್ಲಿ ಐದು ಹಾದುಹೋದವು. ಹಗ್ಗದ ಗುಣವೇನೆಂದರೆ ಅದು ಕಣ್ಣನ್ನು ರ‍್ಯಾಕೆಟ್ಟಿನಿಂದ ಬಿಡಿಸಿ ಚೆಂಡಿನ ಹಾದಿಯ ಮೇಲೆ ಇಡುತ್ತದೆ. ಮಣಿಕಟ್ಟು ಹೇಗಿದೆ, ಮೊಣಕೈ ಹೇಗಿದೆ ಎಂದು ಯೋಚಿಸುವುದು ನಿಂತ ಮೇಲೆಯೇ ಅವು ತಮ್ಮಷ್ಟಕ್ಕೆ ಸರಿಹೋಗತೊಡಗಿದವು.

ಗುರಿಯಾಗಿ ಆಚೆ ಬದಿಯಲ್ಲಿ, ನೆಟ್ಟಿಗೆ ಹತ್ತಿರದ ಅಡ್ಡಗೆರೆಯಾದ ಸರ್ವಿಸ್ ಲೈನಿಗೂ ಬೇಸ್‌ಲೈನಿಗೂ ನಡುವೆ ಗೋಣಿಚೀಲ. ಅಲ್ಲಿ 5.49 ಮೀಟರ್ ಉದ್ದದ ಜಾಗವಿದೆ. ಚೀಲಕ್ಕೇ ತಾಗಬೇಕೆಂದು ಹಟ ಹಿಡಿಯಬೇಡಿ, ಅದರ ಸುತ್ತ ಒಂದು ಮೀಟರ್ ಒಳಗೆ ಬಿದ್ದರೆ ಲೆಕ್ಕಕ್ಕೆ ಹಿಡಿಯಿರಿ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ. ಗುರಿಗೆ ಬಿದ್ದದ್ದಕ್ಕಿಂತ ಬೀಳದ್ದನ್ನು ಬರೆಯುವುದು ಉಪಯುಕ್ತ: ನೆಟ್ಟಿಗೆ ಎಷ್ಟು, ಉದ್ದಕ್ಕೆ ಎಷ್ಟು, ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು. ಉದ್ದಕ್ಕೆ ತೇಲಿದವೇ ಹೆಚ್ಚಾದರೆ ರ‍್ಯಾಕೆಟ್ಟಿನ ಮುಖ ಆಕಾಶ ನೋಡುತ್ತಿದೆ. ನೆಟ್ಟಿಗೆ ಹೋದವೇ ಹೆಚ್ಚಾದರೆ ಕೊಡಲಿ ಮರಳಿ ಬಂದಿದೆ. ಬಲಗೈಯವರ ಚೆಂಡು ಪದೇ ಪದೇ ಎಡಕ್ಕೆ ಹೊರಬಿದ್ದರೆ ತಾಗುವುದು ತಡವಾಗುತ್ತಿದೆ, ಬಲಕ್ಕೆ ಎಳೆದರೆ ಆತುರವಾಗುತ್ತಿದೆ. ಇಪ್ಪತ್ತು ಚೆಂಡಿನ ಲೆಕ್ಕ ಒಬ್ಬ ಕೋಚ್ ಹೇಳುವುದರಲ್ಲಿ ಅರ್ಧವನ್ನಾದರೂ ಹೇಳುತ್ತದೆ.

ಇಲ್ಲಿಯವರೆಗೆ ಹೇಳಿದ್ದನ್ನು ನಾನು ಆ ಎರಡು ತಿಂಗಳಲ್ಲಿ ನಿಷ್ಠೆಯಿಂದ ಮಾಡಿದ್ದೆ. ಆದರೂ 6-2.

1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೈಯಲ್ಲಿ ಒಂದು ಟೆನಿಸ್ ಚೆಂಡು (ಹೌದು, ಅದೇ!) ಹಿಡಿದು, ಮರದ ಪುಟ್ಟ ತಡೆಗಳನ್ನು ಹೇಳಿದ ಕ್ರಮದಲ್ಲಿ ಬೇಗ ಬೇಗ ಕೆಡವುವುದು ಕೆಲಸ. ಮೂರು ಬಗೆಯ ಕ್ರಮಗಳಿದ್ದವು. ಒಂದು ಗುಂಪು ಒಂದು ಬಗೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಮೂರೂ ಬಗೆಗಳು ಕಲಸಿ ಬಂದವು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕಾಗಿತ್ತು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿ ಕಲಿತವರೇ ಮುಂದಿದ್ದರು. ನಮ್ಮ ಮೇಷ್ಟ್ರು ಮಗ್ಗಿಯನ್ನು ನಡುವಿನಿಂದ ಕೇಳುತ್ತಿದ್ದುದರ ಮರ್ಮವೂ ಇದೇ. ಪ್ರತಿ ಸಲವೂ ಉತ್ತರವನ್ನು ಹೊಸದಾಗಿ ಹುಡುಕಬೇಕಾದಾಗ ಮಾತ್ರ ಅದು ಒಳಗೆ ಊರುತ್ತದೆ. ಆಟದ ಮೈದಾನದಲ್ಲಿ ಈ ಪರಿಣಾಮ ಪ್ರಯೋಗಾಲಯದಷ್ಟು ಖಚಿತವಾಗಿ ಎಲ್ಲ ಸಲವೂ ಕಾಣಿಸಿಲ್ಲ ಎಂಬುದೂ ನಿಜ. ಹೊಡೆತವೇ ಗೊತ್ತಿಲ್ಲದವರಿಗೆ ಮೊದಲ ಕೆಲವು ವಾರ ಒಂದೇ ಬಗೆಯ ಚೆಂಡು ಬೇಕು. ಮಗ್ಗಿ ಬಾರದವನಿಗೆ ಏಳೆಂಟಲಿ ಎಷ್ಟೆಂದು ಕೇಳಿ ಏನು ಪ್ರಯೋಜನ? ನನ್ನ ತಪ್ಪು ಮೊದಲಿನಿಂದ ಒಪ್ಪಿಸಿದ್ದಲ್ಲ, ಎರಡು ತಿಂಗಳಾದರೂ ಹಾಗೆಯೇ ಒಪ್ಪಿಸುತ್ತಿದ್ದುದು.

ಯಂತ್ರದ ಬಾಯಲ್ಲಿ ಅಡ್ಡಾದಿಡ್ಡಿ ಪ್ರಶ್ನೆ ಕೇಳಿಸುವುದು ಹೇಗೆ? ದುಬಾರಿ ಯಂತ್ರಗಳಲ್ಲಿ ಅದಕ್ಕೂ ಒಂದು ಗುಂಡಿ ಇರುತ್ತದೆ. ನಮ್ಮದರಲ್ಲಿ ಚೆಂಡನ್ನು ಎಡಬಲಕ್ಕೆ ಹರಡುವುದೊಂದೇ ಇತ್ತು, ವೇಗ ಬದಲಿಸಬೇಕಾದರೆ ಆ ಬದಿಗೆ ನಡೆದು ಹೋಗಬೇಕು. ಆಗ ನೆನಪಾದದ್ದು ಸತ್ತ ಚೆಂಡುಗಳ ಚೀಲ. ಎರಡೂ ಚೀಲಗಳನ್ನು ಒಟ್ಟಿಗೆ ಬುಟ್ಟಿಗೆ ಸುರಿದು ಕೈಯಿಂದ ಕಲಸಿಬಿಟ್ಟೆ. ಮೊದಲು ಯಾವುದನ್ನು ದೋಷವೆಂದು ಬೇರ್ಪಡಿಸಿದ್ದೆನೋ ಅದೇ ಈಗ ಮೇಷ್ಟ್ರಾಯಿತು. ಒಂದು ಚೆಂಡು ಸರಿಯಾಗಿ ಬಂದರೆ ಮುಂದಿನದು ಮುಂಚೆಯೇ ಬಿದ್ದು ಮಂಡಿಯೆತ್ತರಕ್ಕೂ ಏಳುವುದಿಲ್ಲ. ಯಾವುದು ಯಾವಾಗ ಎಂದು ನನಗೂ ಗೊತ್ತಿಲ್ಲ, ಯಂತ್ರಕ್ಕೂ ಗೊತ್ತಿಲ್ಲ. ಜೊತೆಗೆ ಗುರಿಯನ್ನೂ ಎರಡು ಮಾಡಿದೆ. ಒಂದು ಚೆಂಡು ಕರ್ಣಕ್ಕೆ, ಮುಂದಿನದು ನೇರ ಗೆರೆಯ ಗುಂಟ. ಕರ್ಣದ ಹಾದಿ ಮೂಲೆಯಿಂದ ಮೂಲೆಗೆ 25 ಮೀಟರಿಗೂ ಸ್ವಲ್ಪ ಹೆಚ್ಚು, ಜೊತೆಗೆ ನೆಟ್ಟಿನ ತಗ್ಗಾದ ನಡುಭಾಗದ ಮೇಲೆ ಹಾಯುತ್ತದೆ. ನೇರ ಹೊಡೆತಕ್ಕೆ ಜಾಗವೂ ಕಡಿಮೆ, ಕಂಬದ ಕಡೆಗೆ ನೆಟ್ಟೂ ಎತ್ತರ. ಒಂದೇ ಸ್ಲೈಸ್‌ಗೆ ಎರಡು ಹದ.

ಜೋಳದ ರೊಟ್ಟಿ ಬಡಿಯುವವರನ್ನು ನೋಡಿ. ಕೈಯ ತಾಳ ದಿನವೂ ಒಂದೇ ಎನಿಸುತ್ತದೆ. ಆದರೆ ಹಳೆಯ ಹಿಟ್ಟಿನ ಜಿಗಿ ಹೋಗಿದ್ದರೆ ಎಸರಿನ ಅಳತೆ, ನಾದುವ ಹೊತ್ತು, ಬಡಿಯುವ ಬಲ ಎಲ್ಲವೂ ಅವರ ಕೈಯಲ್ಲಿ ಕೇಳದೆಯೇ ಬದಲಾಗಿರುತ್ತವೆ.

ಕಲಸಿದ ಬುಟ್ಟಿಯ ಮೊದಲ ವಾರ ನನ್ನ ನೋಟ್‌ಬುಕ್ಕಿನಲ್ಲಿ ಇಪ್ಪತ್ತಕ್ಕೆ ಆರು, ಏಳು, ಐದು ಎಂದಿದೆ. ಹದಿನೇಳು ಹೊಡೆಯುತ್ತಿದ್ದವನಿಗೆ ಇದು ಅವಮಾನವೇ. ಇಲ್ಲಿ ಬಹಳ ಮಂದಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಹಳೆಯ ಸುಖಕ್ಕೆ ಮರಳುತ್ತಾರೆ. ನಾನೂ ಎರಡು ದಿನ ಮರಳಿದ್ದೆ.

ಯಂತ್ರದ ಇನ್ನೊಂದು ಕೊರತೆಗೆ ಪೂರ್ಣ ಮದ್ದಿಲ್ಲ. ಎದುರಾಳಿಯ ಭುಜ, ರ‍್ಯಾಕೆಟ್, ಪಾದ ನೋಡಿ ಚೆಂಡು ಎಲ್ಲಿಗೆ ಬರುತ್ತದೆಂದು ನಾವು ಅರ್ಧ ಮೊದಲೇ ಊಹಿಸಿರುತ್ತೇವೆ. ಯಂತ್ರಕ್ಕೆ ಭುಜವಿಲ್ಲ. ಕ್ರಿಕೆಟ್ಟಿನಲ್ಲಿ ಬೌಲಿಂಗ್ ಯಂತ್ರದ ಎದುರು ಮತ್ತು ನಿಜವಾದ ಬೌಲರ್ ಎದುರು ಆಡುವಾಗ ಬ್ಯಾಟರ್‌ಗಳ ಹೆಜ್ಜೆ ಮತ್ತು ಬೀಸಿನ ಸಮಯವೇ ಬೇರೆಯಾಗುತ್ತದೆ ಎಂದು ಸಂಶೋಧಕರು ತೋರಿಸಿದ್ದಾರೆ. ನಾನು ಮಾಡಿಕೊಂಡ ಅರೆಬರೆ ಉಪಾಯವೆಂದರೆ ಕಿವಿ. ಚೆಂಡು ಚಕ್ರಗಳ ಸಂದಿಗೆ ಬೀಳುವಾಗ ‘ಟಪ್’ ಎಂಬ ಸದ್ದು ಬರುತ್ತದೆ. ಆ ಸದ್ದಿಗೆ ಸರಿಯಾಗಿ ಎರಡೂ ಪಾದಗಳಲ್ಲಿ ಚಿಕ್ಕದಾಗಿ ಕುಪ್ಪಳಿಸಿ ಇಳಿಯುವುದು, ಆಟದಲ್ಲಿ ಎದುರಾಳಿ ಹೊಡೆಯುವ ಕ್ಷಣದಲ್ಲಿ ಮಾಡುವ ಸ್ಪ್ಲಿಟ್ ಸ್ಟೆಪ್ಪಿನಂತೆ. ಹೊಡೆದ ಮೇಲೆ ಬೇಸ್‌ಲೈನಿನ ನಡುಗುರುತಿಗೆ ಹೋಗಿ ಬರುವುದು. ಇಲ್ಲದಿದ್ದರೆ ಬಸ್ ನಿಲ್ದಾಣದಲ್ಲಿ ಕಾದಂತೆ ನಿಂತಲ್ಲೇ ನಿಂತು ಕೈ ಮಾತ್ರ ಆಡಿಸುತ್ತೀರಿ. ಚೆಂಡುಗಳ ನಡುವಿನ ಬಿಡುವನ್ನು ಆರು ಸೆಕೆಂಡಿಗಿಂತ ಕಡಿಮೆ ಮಾಡಬೇಡಿ. ದಣಿದ ಕೈ ಕೊಡಲಿಯನ್ನೇ ಕಲಿಯುತ್ತದೆ, ಮೊಣಕೈ ನೋವೂ ಬರುತ್ತದೆ. ಉರುಳಿ ಬಂದ ಚೆಂಡುಗಳನ್ನು ಕಾಲಡಿಯಿಂದ ಸರಿಸಿಯೇ ಮುಂದಿನ ಸುತ್ತು ಆರಂಭಿಸಿ.

ಊರು ಬದಲಾದರೆ ಗುಂಡಿಯೂ ಬದಲಾಗಬೇಕು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕರಾವಳಿಯದಕ್ಕಿಂತ ಸುಮಾರು ಶೇ 7ರಷ್ಟು ತೆಳು, ಹಾಗಾಗಿ ಚೆಂಡಿಗೆ ತಡೆಯೂ ಕಡಿಮೆ. ಚೋರ್ಲಾ ಘಾಟ್ ಹತ್ತಿ ಗೋವಾದಿಂದ ಬರುವ ಗೆಳೆಯನೊಬ್ಬ ಪ್ರತಿ ಸಲವೂ ಮೊದಲ ಹತ್ತು ನಿಮಿಷ ಚೆಂಡನ್ನು ಉದ್ದಕ್ಕೆ ಹೊಡೆದು, ರ‍್ಯಾಕೆಟ್ಟಿನ ತಂತಿಯನ್ನು ಬೈಯುತ್ತಾನೆ. ಎತ್ತರದ ಊರುಗಳ ವಿಶೇಷ ಚೆಂಡುಗಳಿರುವುದು 1,219 ಮೀಟರ್ ಮೇಲಿನವರಿಗೆ. ನಮಗೆ ಆ ನೆಪವೂ ಇಲ್ಲ.

ಮೇ ಕೊನೆಯ ಹೊತ್ತಿಗೆ ಕಲಸಿದ ಬುಟ್ಟಿಯಲ್ಲಿ ಇಪ್ಪತ್ತಕ್ಕೆ ಹದಿಮೂರು. ಆ ಹಿರಿಯರ ಜೊತೆ ಮತ್ತೆ ಆಡಿದಾಗ 6-4, ಈ ಸಲವೂ ಅವರಿಗೇ. ಆದರೆ ನನ್ನ ಬ್ಯಾಕ್‌ಹ್ಯಾಂಡಿಗೆ ಬರುವುದನ್ನು ಅವರು ಎರಡನೇ ಗೇಮಿನಿಂದಲೇ ನಿಲ್ಲಿಸಿದ್ದರು.

ಜೂನಿನಲ್ಲಿ ಮಳೆ ಹಿಡಿಯಿತು. ಇಲ್ಲಿಯ ಮಳೆ ಬಂದು ಹೋಗುವ ಜಾತಿಯದಲ್ಲ. ಒದ್ದೆ ಉಣ್ಣೆಯ ಚೆಂಡು ಚಕ್ರಗಳ ನಡುವೆ ಜಾರಿ ಯಂತ್ರದ ಮುಂದೆಯೇ ತೊಪ್ಪನೆ ಬೀಳುತ್ತದೆ, ರಬ್ಬರಿಗೆ ಕೆಸರು ಮೆತ್ತುತ್ತದೆ. ಯಂತ್ರಕ್ಕೆ ತಾಡಪತ್ರಿ ಹೊದಿಸಿ ಒಳಗಿಟ್ಟಿದ್ದೇವೆ. ಶೆಡ್ಡಿನ ಗೋಡೆಯ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದೇನೆ, ಒಂದು 91 ಸೆಂ.ಮೀ.ಗೆ, ಇನ್ನೊಂದು 150ಕ್ಕೆ. ಹಿಮ್ಮುಖ ಸುತ್ತಿನ ಚೆಂಡು ಗೋಡೆಗೆ ತಾಗಿದ ಕೂಡಲೇ ಕೆಳಮುಖವಾಗಿ ಜಾರಿ ಬೇಗ ನೆಲ ಹಿಡಿಯುತ್ತದೆ. ಯಂತ್ರದ ಅರ್ಧದಷ್ಟೂ ಬಿಡುವು ಸಿಗುವುದಿಲ್ಲ, ಮಂಡಿ ಬಗ್ಗಿಸದೆ ಗತಿಯಿಲ್ಲ. ನಿನ್ನೆ ಸತತವಾಗಿ ಒಂಬತ್ತು ಆಯಿತು.